ಡೇಟಾಬೇಸ್‌ನಿಂದ ಬಂದ ಸಾಲುಗಳಿಗೆ ಒಂದು ಬಿಟ್ಟು ಒಂದಕ್ಕೆ ಬಣ್ಣ ಹಾಕುವುದು ಹೇಗೆ?

ದಾಖಲೆಯ ಐಡಿ (ಡೇಟಾಬೇಸಿನಲ್ಲಿ ಅದರ ಗುರುತಿನ ಸಂಖ್ಯೆ) ಸಮಸಂಖ್ಯೆಯಾದರೆ ಬೂದು, ಬೆಸವಾದರೆ ಬಿಳಿ ಎಂದು ಸರ್ವರಿನಲ್ಲಿ ಪುಟ ಸಿದ್ಧಪಡಿಸುವ ಪಿಎಚ್‌ಪಿ ಭಾಷೆಯ ಲೂಪಿನಲ್ಲಿ (ಪ್ರತಿ ಸಾಲಿಗೂ ಮರುಕಳಿಸುವ ಭಾಗದಲ್ಲಿ) ಬರೆದಿದ್ದೀರಿ. ಆದರೂ ಅಲ್ಲಲ್ಲಿ ಎರಡು ಬೂದು ಸಾಲುಗಳು ಒಟ್ಟಿಗೆ ಬರುತ್ತಿವೆ ಏಕೆ ಎಂಬುದು ನಿಮ್ಮ ಪ್ರಶ್ನೆ. ಲೆಕ್ಕ ಸರಿಯಾಗಿಯೇ ಇದೆ, ಐಡಿಯನ್ನು ನಂಬಿದ್ದೇ ತಪ್ಪಾಗಿದೆ. 15ನೇ ದಾಖಲೆಯನ್ನು ಯಾರೋ ಅಳಿಸಿದ್ದರೆ 14ರ ಕೆಳಗೆ 16 ಬಂದು ಕೂರುತ್ತದೆ, ಎರಡೂ ಸಮ. ಹೆಸರಿನ ಅಕಾರಾದಿಯಲ್ಲಿ ಜೋಡಿಸಿದರಂತೂ ಐಡಿಗಳು ಚೆಲ್ಲಾಪಿಲ್ಲಿ. ಸಾಲು ಪರದೆಯ ಮೇಲೆ ಎಷ್ಟನೆಯದು ಎಂಬುದಷ್ಟೇ ಬಣ್ಣಕ್ಕೆ ಆಧಾರವಾಗಬೇಕು.

ಲೂಪಿನ ಹೊರಗೆ ಸೊನ್ನೆಯಿಂದ ಎಣಿಕೆ ಆರಂಭಿಸಿ, ಪ್ರತಿ ಸುತ್ತಿಗೂ ಒಂದು ಕೂಡಿಸಿ, ಎರಡರಿಂದ ಭಾಗಿಸಿ ಶೇಷ ನೋಡಬಹುದು. (ಆ ಸೊನ್ನೆಯನ್ನು ಲೂಪಿನೊಳಗೆ ಇಟ್ಟರೆ ಎಲ್ಲ ಸಾಲೂ ಒಂದೇ ಬಣ್ಣ.) ನಾನೂ ಬಹುಕಾಲ ಹೀಗೆಯೇ ಬರೆದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಬ್ರೌಸರಿಗೆ ಬೇರೆ ದಾರಿ ತಿಳಿದಿರಲಿಲ್ಲ. 2011ರಲ್ಲಿ ಬಂದ 9ನೇ ಆವೃತ್ತಿಯಿಂದ ಆ ಕಟ್ಟುಪಾಡು ಹೋಯಿತು. ಈಗ ಪುಟದ ಬಣ್ಣ, ರೂಪಗಳನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಒಂದೇ ನಿಯಮ ಸಾಕು: ಟಿಬಾಡಿಯೊಳಗಿನ (tbody, ಕೋಷ್ಟಕದ ಮುಖ್ಯ ಭಾಗ) ಟಿಆರ್‌ಗೆ (tr, ಒಂದು ಸಾಲು) ಎಷ್ಟನೆಯದೆಂದು ಎಣಿಸಿ ಆರಿಸುವ ಎನ್‌ಟಿಎಚ್-ಚೈಲ್ಡ್ (nth-child) ಸೆಲೆಕ್ಟರ್ ಹಚ್ಚಿ, ಆವರಣದಲ್ಲಿ ಈವನ್ (even, ಸಮ) ಎಂದು ಬರೆದು ಹಿನ್ನೆಲೆ ಬಣ್ಣ ಕೊಡಿ. ಟಿಬಾಡಿಯನ್ನು ಬಿಡಬೇಡಿ, ಬಿಟ್ಟರೆ ಶೀರ್ಷಿಕೆಯ ಸಾಲಿಗೂ ನಿಯಮ ತಗಲುವ ಸಾಧ್ಯತೆ ಇರುತ್ತದೆ. ಹುಡುಕಾಟದಲ್ಲಿ ಕೆಲವು ಸಾಲುಗಳನ್ನು ಜಾವಾಸ್ಕ್ರಿಪ್ಟ್‌ನಿಂದ ಮರೆಮಾಡುವುದಾದರೆ ಎಚ್ಚರ: ಈ ಸೆಲೆಕ್ಟರ್ ಕಾಣದ ಸಾಲುಗಳನ್ನೂ ಎಣಿಸುತ್ತದೆ, ಬಣ್ಣದ ಪಟ್ಟೆಗಳು ಮತ್ತೆ ಕೆಡುತ್ತವೆ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಸಿಎಸ್‌ಎಸ್ ಬಿಟ್ಟು ಪಿಎಚ್‌ಪಿಗೆ ಮರಳುತ್ತೇನೆ. ಒಂದು ಬಿಲ್ಲಿನಲ್ಲಿ ನಾಲ್ಕು ವಸ್ತುಗಳಿದ್ದು, ಅವು ನಾಲ್ಕು ಸಾಲುಗಳಾಗಿ ಬರುತ್ತವೆ ಎನ್ನಿ. ಆಗ ಸಾಲುಸಾಲಿಗೂ ಬಣ್ಣ ಬದಲಾದರೆ ಓದುವವರ ಕಣ್ಣು ಒಂದೇ ಬಿಲ್ಲನ್ನು ನಾಲ್ಕು ತುಂಡು ಮಾಡುತ್ತದೆ. ನನಗೆ ಇದು ಬಣ್ಣವೇ ಇಲ್ಲದ ಕೋಷ್ಟಕಕ್ಕಿಂತ ಕೆಟ್ಟದ್ದು. ಅಲ್ಲಿ ಬಿಲ್ಲಿಗೊಂದು ಬಣ್ಣ ಇರಬೇಕು. ಹಿಂದಿನ ಸಾಲಿನ ಬಿಲ್ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ. ಈಗಿನದು ಅದಕ್ಕಿಂತ ಬೇರೆಯಾದಾಗ ಮಾತ್ರ ಸಾಲಿನ ಕ್ಲಾಸ್ (ಸಿಎಸ್‌ಎಸ್ ಬಣ್ಣ ಹಚ್ಚಲು ಗುರುತಿಸುವ ಹೆಸರು) ಬದಲಿಸಿ. ಬಣ್ಣದ ಹೆಸರನ್ನು ಪಿಎಚ್‌ಪಿಯಲ್ಲಿ ಬರೆಯಬೇಡಿ, ಕ್ಲಾಸಿನ ಹೆಸರಷ್ಟೇ ಸಾಕು. ಡೇಟಾಬೇಸಿಗೆ ಕಳಿಸುವ ಕ್ವೆರಿಯಲ್ಲಿ ಸಾಲುಗಳ ಕ್ರಮ ಹೇಳುವ ಆರ್ಡರ್ ಬೈನಲ್ಲಿ (ORDER BY) ಬಿಲ್ ಸಂಖ್ಯೆ ಮೊದಲು ಬರಲಿ. ಇಲ್ಲದಿದ್ದರೆ ಒಂದೇ ಬಿಲ್ಲಿನ ಸಾಲುಗಳು ಚದುರಿ ಎರಡೂ ಬಣ್ಣಗಳಲ್ಲಿ ಕಾಣಿಸಿಕೊಳ್ಳುತ್ತವೆ.