ಕೆಲಸ ಬಿಟ್ಟು ಕ್ಯೂ ಸ್ಕೂಲಿಗೆ ಹೋಗಬೇಕೇ? ಮೊದಲು ಟೇಬಲ್ ಬದಲಿಸಿ

ಮಂಡ್ಯದ ಸ್ನೂಕರ್ ಕ್ಲಬ್ಬಿನಲ್ಲಿ ಆಗಾಗ ಸೆಂಚುರಿ (ಒಂದೇ ಸರದಿಯಲ್ಲಿ ನೂರು ಪಾಯಿಂಟ್) ಹೊಡೆಯುತ್ತಿರುವ ನೀವು, ಸಾಲ ಮಾಡಿಯಾದರೂ ಬ್ಯಾಂಕಾಕಿನ ಕ್ಯೂ ಸ್ಕೂಲಿಗೆ, ಅಂದರೆ ವೃತ್ತಿಪರ ಟೂರಿನ ಅರ್ಹತಾ ಪಂದ್ಯಾವಳಿಗೆ, ಹೋಗಬೇಕೇ ಅಥವಾ ಇನ್ನೊಂದು ವರ್ಷ ಅದೇ ಕ್ಲಬ್ಬಿನಲ್ಲಿ ಅಭ್ಯಾಸ ಮಾಡಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ನಾನು ಮೊದಲು ಎರಡನೆಯದನ್ನೂ ಆಮೇಲೆ ಮೊದಲನೆಯದನ್ನೂ ಮಾಡಿ ಮುಗಿಸಿದವನು.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೊದಲ ಪಾಳಿ ಮುಗಿಸಿ, ಊಟ ಮಾಡಿ, ಸಂಜೆಯವರೆಗೆ ಸ್ನೂಕರ್ ಪಾರ್ಲರಿನಲ್ಲಿ ಒಬ್ಬನೇ ಆಡುತ್ತಿದ್ದೆ. ಮಾಲೀಕರು ಅರ್ಧ ದರಕ್ಕೆ ಮೂಲೆಯ ಟೇಬಲನ್ನು ನನಗೇ ಬಿಟ್ಟುಕೊಟ್ಟಿದ್ದರು. ಅಲ್ಲಿ ಸೆಂಚುರಿ ಬಂದ ದಿನ ಹುಡುಗರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸ್ಕೋರ್ ಬರೆಯುವ ಮಾರ್ಕರ್ ಒಬ್ಬರು ಮಾತ್ರ, "ಈ ಟೇಬಲ್ ತುಂಬ ಉದಾರಿ ಸ್ವಾಮಿ, ಇದನ್ನ ನಂಬ್ಕೊಂಡು ದೂರ ಹೋಗ್ಬೇಡಿ" ಎಂದಿದ್ದರು. ನಾನು ನಕ್ಕು ಸುಮ್ಮನಾದೆ. ಅಕ್ಕ ಚೀಟಿ ಎತ್ತಿ ಹಣ ಕೊಟ್ಟಳು; ನಾನು ರಾಜೀನಾಮೆ ಕೊಟ್ಟು ಬ್ಯಾಂಕಾಕಿಗೆ ಹೊರಟೆ.

ನನ್ನ ತಪ್ಪು ಹೊರಟಿದ್ದರಲ್ಲಿ ಇರಲಿಲ್ಲ, ಆ ಒಂದೇ ಟೇಬಲಿನ ಮೇಲೆ ನನ್ನ ಆಟವನ್ನು ಅಳೆದುಕೊಂಡದ್ದರಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ನೀವೂ ನನ್ನಂತೆಯೇ ನಕ್ಕುಬಿಡುತ್ತೀರಿ. ವರ್ಷಗಟ್ಟಲೆ ಆಡಿದ ಟೇಬಲಿನಲ್ಲಿ ಪಾಕೆಟಿನ ಬಾಯಿಯ ರಬ್ಬರ್ ಸವೆದು ಅಗಲವಾಗಿರುತ್ತದೆ. ಗೇಣು ದೂರದಲ್ಲೇ ಅಂಚಿನ ಕುಷನ್ನಿಗೆ ತಾಗಿದ ರೆಡ್ ಚೆಂಡು ಕೂಡ ಜಾರಿ ಒಳಗೆ ಬೀಳುತ್ತದೆ. ಟೇಬಲಿನ ಬಟ್ಟೆಯ ಮೇಲಿನ ಉಣ್ಣೆಯ ರೋಮ, ನಾವು ನ್ಯಾಪ್ ಎನ್ನುವುದು, ಪೂರ್ತಿ ಉದುರಿಹೋಗಿರುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಭಾರವಾಗುವುದರಿಂದ ಕ್ಯೂ ಬಾಲನ್ನು (ನಾವು ಹೊಡೆಯುವ ಬಿಳಿ ಚೆಂಡನ್ನು) ಮುಂದಿನ ಹೊಡೆತಕ್ಕೆ ಅನುಕೂಲವಾದ ಪೊಸಿಷನ್ನಿಗೆ ತರಲು ಜೋರಾಗಿಯೇ ಹೊಡೆಯಬೇಕು, ಪಾಕೆಟ್ ಅಗಲವಾಗಿರುವುದರಿಂದ ಜೋರಾಗಿ ಹೊಡೆದರೂ ಶಿಕ್ಷೆಯಿಲ್ಲ. ಹೀಗೆ ಟೇಬಲಿನ ಎರಡು ದೋಷಗಳು ಸೇರಿ ನನ್ನ ಕೈಗೆ ಒಂದು ಕೆಟ್ಟ ಚಾಳಿಯನ್ನು ಕಲಿಸಿದವು, ಸ್ಕೋರ್ ಬೋರ್ಡು ಅದನ್ನು ಸೆಂಚುರಿ ಎಂದು ತೋರಿಸುತ್ತಿತ್ತು.

ವೃತ್ತಿಪರ ಪಂದ್ಯಗಳ ಟೇಬಲಿನಲ್ಲಿ ಪಾಕೆಟಿನ ಬಾಯಿಯನ್ನು ಟೆಂಪ್ಲೇಟ್ ಇಟ್ಟು ಅಳೆಯುತ್ತಾರೆ, ಬಟ್ಟೆಯಡಿಯ ಸ್ಲೇಟ್ ಕಲ್ಲಿನ ಕೆಳಗೆ ಹೀಟರ್ ಇಟ್ಟು ಬಟ್ಟೆಯನ್ನು ಒಣಗಿಸುತ್ತಾರೆ. 52.5 ಮಿ.ಮೀ. ಚೆಂಡು ಕುಷನ್ನಿಗೆ ಸವರಿಕೊಂಡು ವೇಗವಾಗಿ ಬಂದರೆ ಬಾಯಲ್ಲೇ ಅತ್ತಿತ್ತ ಬಡಿದು ಹೊರಗೆ ನಿಲ್ಲುತ್ತದೆ. ಬ್ಯಾಂಕಾಕಿನಲ್ಲಿ ನನಗಾದದ್ದು ಇದೇ. ವೇಗ ಕಡಿಮೆ ಮಾಡೋಣವೆಂದರೆ, ನಾನು ಎಂದೂ ಕಾಣದ ನ್ಯಾಪ್ ಮೆಲ್ಲಗೆ ಉರುಳುವ ಚೆಂಡನ್ನು ಬ್ಲಾಕ್ (ಕಪ್ಪು ಚೆಂಡು) ಇರುವ ತುದಿಯತ್ತ ಎಳೆಯುತ್ತಿತ್ತು. ಹೊಸ ಬಟ್ಟೆಯಾದ್ದರಿಂದ ಕ್ಯೂ ಬಾಲ್ ಕುಷನ್ನಿನಿಂದ ಜಾರಿ, ನಾನು ಲೆಕ್ಕ ಹಾಕಿದ್ದಕ್ಕಿಂತ ಅಗಲವಾದ ಕೋನದಲ್ಲಿ ಹೊರಬರುತ್ತಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ಸೇಫ್ಟಿ ಆಟ, ಅಂದರೆ ಎದುರಾಳಿಗೆ ಸುಲಭದ ಚೆಂಡು ಸಿಗದಂತೆ ಆಡುವುದು, ನನ್ನನ್ನು ಕೆಡವಿತು: ನಮ್ಮ ಟೇಬಲಿನಲ್ಲಿ ಬಾಕ್ ಕುಷನ್ನಿಗೆ (ಆಟ ಶುರುವಾಗುವ ತುದಿಯ ಅಂಚಿಗೆ) ಅಂಟಿ ನಿಲ್ಲುತ್ತಿದ್ದ ಅದೇ ಹೊಡೆತ ಅಲ್ಲಿ ಮರಳಿ ಟೇಬಲಿನ ನಡುವಿಗೆ ಬಂದು ಎದುರಾಳಿಗೆ ರೆಡ್ ತೆರೆದಿಡುತ್ತಿತ್ತು. ಅಲ್ಲಿನ ಪಂದ್ಯ ಏಳು ಫ್ರೇಮಿನದು (ಫ್ರೇಮ್ ಎಂದರೆ ಒಂದು ಪೂರ್ತಿ ಆಟ), ನಾಲ್ಕು ಗೆದ್ದವರು ಮುಂದಕ್ಕೆ. ಟೇಬಲ್ ಅರ್ಥವಾಗುವಷ್ಟರಲ್ಲಿ ನಾನು 4-1ರಿಂದ ಸೋತು ಕ್ಯೂ ಕೋಲು ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಕ್ಯೂ ಸ್ಕೂಲಿನಲ್ಲಿ ಬಹುಮಾನದ ಹಣವೂ ಇಲ್ಲ, ಗೆದ್ದರೆ ಸಿಗುವುದು ಟೂರ್ ಕಾರ್ಡ್, ಅಂದರೆ ವೃತ್ತಿಪರ ಟೂರಿನಲ್ಲಿ ಆಡುವ ಅರ್ಹತೆ ಮಾತ್ರ.

ಆ ಕಾರ್ಡಿನ ಆಯಸ್ಸು ಎರಡು ವರ್ಷ. ಅಷ್ಟರಲ್ಲಿ ವಿಶ್ವ ಶ್ರೇಯಾಂಕದ ಅಗ್ರ 64ರೊಳಗೆ ಬರದವರು ಸಾಮಾನ್ಯವಾಗಿ ಮತ್ತೆ ಅರ್ಹತಾ ಸುತ್ತಿನ ಸಾಲಿಗೇ ನಿಲ್ಲಬೇಕು. ಆದಿತ್ಯ ಮೆಹ್ತಾ 2013ರಲ್ಲಿ ದೆಹಲಿಯ ಇಂಡಿಯನ್ ಓಪನ್ ಫೈನಲ್ ತಲುಪಿ ಚೀನಾದ ಡಿಂಗ್ ಜುನ್‌ಹುಯಿಗೆ ಸೋತರು. ಅಷ್ಟು ದೂರ ಹೋದ ಭಾರತೀಯರು ಅಪರೂಪ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2012ರಲ್ಲಿ ವೃತ್ತಿಪರ ಟೂರಿಗೆ ಸೇರಿ 2014ರಲ್ಲಿ ಬಿಟ್ಟು ಬಂದರು, ಬಂದ ಮೇಲೂ ವಿಶ್ವ ಪ್ರಶಸ್ತಿಗಳನ್ನು ಗೆಲ್ಲುತ್ತಲೇ ಹೋದರು. ಆದ್ದರಿಂದ "ಹವ್ಯಾಸಿಯಾಗಿ ಉಳಿದರೆ ಆಟಗಾರನೇ ಅಲ್ಲ" ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ರಾಜ್ಯ ಮಟ್ಟದಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್, ಅಲ್ಲಿಂದ ಭಾರತ ತಂಡ, ಅಲ್ಲಿಂದ ಏಷ್ಯನ್ ಅಥವಾ ವಿಶ್ವ ಹವ್ಯಾಸಿ ಚಾಂಪಿಯನ್‌ಶಿಪ್ ಎಂಬ ದಾರಿಯೂ ಟೂರ್ ಕಾರ್ಡಿನವರೆಗೆ ಹೋಗಿದೆ. ದಾರಿ ಉದ್ದವೇ ಹೌದು, ಆದರೆ ಅದರ ಪ್ರತಿ ಹೆಜ್ಜೆಯಲ್ಲೂ ನಿಮಗಿಂತ ಗಟ್ಟಿಗರೊಬ್ಬರು ಬೇರೆ ಟೇಬಲಿನ ಮೇಲೆ ನಿಮ್ಮನ್ನು ಪರೀಕ್ಷಿಸುತ್ತಾರೆ, ಕೆಲಸವನ್ನೂ ಬಿಡಬೇಕಾಗಿಲ್ಲ.

ಕ್ಯೂ ಸ್ಕೂಲಿನ ಅರ್ಜಿಯನ್ನು ಸದ್ಯಕ್ಕೆ ಮುಚ್ಚಿಡಿ. ಮಂಡ್ಯದಿಂದ ಬೆಂಗಳೂರಿಗೆ ಬೆಳಗಿನ ರೈಲು ಹಿಡಿದು ವಾರದ ರಜೆಯ ದಿನ ಪಂದ್ಯಾವಳಿ ನಡೆಯುವಂಥ ಟೇಬಲಿನ ಮೇಲೆ, ನಿಮ್ಮನ್ನು ಸೋಲಿಸುವವರ ಜೊತೆ ಆಡಿ. ಒಂಟಿಯಾಗಿ ಚೆಂಡು ಜೋಡಿಸಿಕೊಂಡು ಆಡುವುದನ್ನು ಅರ್ಧಕ್ಕೆ ಇಳಿಸಿ. ಸೆಂಚುರಿಗಳನ್ನು ಎಣಿಸುವುದನ್ನು ಬಿಟ್ಟು, ಮೊದಲ ಅವಕಾಶ ಕೈತಪ್ಪಿದ ಮೇಲೂ ಗೆದ್ದ ಫ್ರೇಮುಗಳನ್ನು ಬರೆದಿಡಿ. ಅಂಥ ಫ್ರೇಮುಗಳು ರಾಜ್ಯ ಮಟ್ಟದ ಆಟಗಾರರ ವಿರುದ್ಧವೂ ಬರತೊಡಗಿದರೆ ಬ್ಯಾಂಕಾಕಿನ ಮಾತು ಆಡಬಹುದು, ಆಗಲೂ ಸಾಲ ಮಾಡಿ ಅಲ್ಲ.

ಹೊಸ ಕ್ಯೂ ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಬೇಡ, ಈಗಿರುವುದೇ ಸಾಕು. ಕ್ಯೂ ತುದಿಯ ಚರ್ಮದ ಟಿಪ್ ಬದಲಿಸುವುದಿದ್ದರೆ ಪಂದ್ಯದ ಹಿಂದಿನ ದಿನ ಬದಲಿಸಬೇಡಿ. ಅದು ಕೂತು ಗಟ್ಟಿಯಾಗಲು ಕೆಲವು ದಿನಗಳ ಆಟ ಬೇಕಾಗುತ್ತದೆ.