ಬಯೋಡಿಗ್ರೇಡಬಲ್, ಕಂಪೋಸ್ಟಬಲ್ ಎರಡೂ ಒಂದೇನಾ? ಅಡಿಕೆ ಹಾಳೆ ತಟ್ಟೆಯ ಪ್ಯಾಕಿನ ಮೇಲೆ ಯಾವುದು ಬರೆಸಿದರೆ ಚಂದ?

"ಚಂದ" ಅಂತ ಕೇಳಿದಿರಲ್ಲ, ಅದನ್ನು ಓದಿಯೇ ಉತ್ತರ ಬರೆಯಲು ಕೂತೆ. 2023ರಲ್ಲಿ ಇದೇ ಮಾತನ್ನು ನಾನು ನನ್ನ ಭಾವನ ಹತ್ತಿರ ಕೇಳಿದ್ದೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. "ಬಯೋಡಿಗ್ರೇಡಬಲ್ ಹಾಕು, ಘನವಾಗಿ ಕೇಳ್ತು" ಅಂದ. ಹಾಕಿಸಿದೆ. ಆ ಒಂದು ಶಬ್ದಕ್ಕೆ ಹತ್ತಿರ ಹತ್ತಿರ 60 ಸಾವಿರ ರೂಪಾಯಿ ಹೋಯಿತು.

ನಮ್ಮದು ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗಿರುವ ಊರು. ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ತಟ್ಟೆ ಒತ್ತುವ ನಾಲ್ಕು ಮಷಿನ್. ಬೇಸಿಗೆಯಲ್ಲಿ ಬಿದ್ದ ಹಾಳೆ ಹೆಕ್ಕಿ, ಒಣಗಿಸಿ, ಬೂಷ್ಟು ಬರದಂತೆ ಅಟ್ಟದ ಮೇಲೆ ಪೇರಿಸಿಟ್ಟರೆ ಮಳೆಗಾಲ ದಾಟುತ್ತದೆ. ಮುಂಬೈಯ ಒಬ್ಬ ವ್ಯಾಪಾರಿಯ ಮೂಲಕ ಫ್ರಾನ್ಸಿನ ಗಿರಾಕಿ ಸಿಕ್ಕಿದ್ದರು. 25 ತಟ್ಟೆಯ ಒಂದು ಕಟ್ಟು, ಅದಕ್ಕೆ ಸುತ್ತಲು ಒಂದು ಕಾಗದದ ಪಟ್ಟಿ. ಪಟ್ಟಿಯ ವಿನ್ಯಾಸವನ್ನೂ ಅವರೇ ಕಳಿಸಿದ್ದರು. ಅದರಲ್ಲಿ "ಕಂಪೋಸ್ಟಬಲ್" ಅಂತಲೇ ಇತ್ತು!

ಇಲ್ಲಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ತಪ್ಪು ನಡೆದದ್ದು ಇಲ್ಲೇ. ಪ್ರಿಂಟಿಂಗ್ ಪ್ರೆಸ್ಸಿನವನು ಫೋನ್ ಮಾಡಿ, "ನಿಮ್ಮ ಫೈಲಿನ ಅಕ್ಷರ ನಮ್ಮ ಕಂಪ್ಯೂಟರಿನಲ್ಲಿ ಸರಿ ಬರ್ತಾ ಇಲ್ಲ, ಬರಹ ಬೇರೆ ಟೈಪ್ ಮಾಡಿ ಕಳಿಸಿ" ಅಂದ. ಕಳಿಸುತ್ತಾ ಕೂತವನಿಗೆ "ಕಂಪೋಸ್ಟ್" ಅನ್ನುವುದು ಒಂಥರಾ ಸಗಣಿಯ ವಾಸನೆ ಹೊಡೆದ ಹಾಗೆ ಕಂಡಿತು. ಊಟದ ತಟ್ಟೆಯ ಮೇಲೆ ಗೊಬ್ಬರ ಅಂತ ಯಾರು ಬರೆಯುತ್ತಾರೆ ಅಂದುಕೊಂಡೆ. ಭಾವನಿಗೆ ಫೋನ್ ಹಚ್ಚಿದೆ. ಡಿಕ್ಷನರಿಯನ್ನೂ ನೋಡಿದೆ, ಎರಡಕ್ಕೂ ಸುಮಾರು ಒಂದೇ ಥರದ ಅರ್ಥ ಕಂಡಿತು. ಬದಲಾಯಿಸಿದೆ. ಗಿರಾಕಿಗೆ ಒಂದು ಮಾತು ಕೇಳಲಿಲ್ಲ. ಕೇಳಿದರೆ ಇಂಗ್ಲಿಷ್ ಬರದವನು ಅಂದುಕೊಳ್ಳುತ್ತಾರೆ ಅನ್ನುವ ನಾಚಿಕೆ, ಅಷ್ಟೇ. 6,000 ಪಟ್ಟಿ, ಒಂದಕ್ಕೆ ನಾಲ್ಕೂವರೆ ರೂಪಾಯಿ. ಮೇಲಿಂದ ಮಿಂಚಲಿ ಅಂತ ಲ್ಯಾಮಿನೇಶನ್ ಬೇರೆ.

ಮಾಲು ಮುಂಬೈ ತಲುಪಿದ ಮೇಲೆ ವ್ಯಾಪಾರಿ ಕಟ್ಟಿನ ಫೋಟೋ ತೆಗೆದು ಗಿರಾಕಿಗೆ ಕಳಿಸಿದ್ದಾನೆ. ಮರುದಿನ ಫೋನು. ಫ್ರಾನ್ಸಿನಲ್ಲಿ 2020ರ ಒಂದು ಕಾನೂನು ಇದೆ, ಸರಕಿನ ಮೇಲಾಗಲಿ ಅದರ ಪ್ಯಾಕಿನ ಮೇಲಾಗಲಿ "ಬಯೋಡಿಗ್ರೇಡಬಲ್" ಅಂತ ಬರೆಯುವ ಹಾಗೇ ಇಲ್ಲ. "ಪರಿಸರಸ್ನೇಹಿ" ಅನ್ನುವ ಅರ್ಥದ ಮಾತೂ ಅಲ್ಲಿ ನಿಷಿದ್ಧ. ಅಳತೆ ಇಲ್ಲದ ಹೊಗಳಿಕೆ ಬೇಡ ಅಂತ. ಕಟ್ಟು ಬಿಚ್ಚಿ, ಪಟ್ಟಿ ಕಿತ್ತು, ಹೊಸದು ಅಚ್ಚು ಹಾಕಿಸಿ, ಮತ್ತೆ ಸುತ್ತುವ ಹೊತ್ತಿಗೆ ಆ ಕಂಟೇನರ್ ಹೋಗಿಯಾಗಿತ್ತು. ಅವರ ಬೇಸಿಗೆಯ ವ್ಯಾಪಾರದ ಮೊದಲ ವಾರಗಳು ತಪ್ಪಿದವು, ನನ್ನ ಬಿಲ್ಲಿನಲ್ಲಿ ಅದನ್ನೂ ಮುರಿದುಕೊಂಡರು. ಬೈಯಲು ನನಗೆ ಬಾಯಿ ಇರಲಿಲ್ಲ. ಅವರ ಶಬ್ದದ ಹಿಂದೆ ಲ್ಯಾಬಿನ ಕಾಗದ ಇತ್ತು. ನನ್ನ ಶಬ್ದದ ಹಿಂದೆ ಭಾವ ಇದ್ದ.

ಈಗ ವ್ಯತ್ಯಾಸಕ್ಕೆ ಬರುತ್ತೇನೆ. ಡಿಕ್ಷನರಿ ಮುಚ್ಚಿಡಿ, ತೋಟಕ್ಕೆ ಬನ್ನಿ. ಕೊಳೆ ರೋಗ ಬರಬಾರದು ಅಂತ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟುತ್ತೇವಲ್ಲ, ಹಳೆಯದಾದ ಮೇಲೆ ಅದು ಬಿಸಿಲಿಗೆ ಚೂರು ಚೂರಾಗಿ ಉದುರುತ್ತದೆ. ಅದು ಬರೀ ಡಿಗ್ರೇಡಬಲ್. ಚೂರಾಯಿತು, ಆದರೆ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. (ಹೀಗೆ ಬೇಗ ಪುಡಿಯಾಗಲಿ ಅಂತಲೇ ಮದ್ದು ಸೇರಿಸಿ ಮಾಡಿದ ಪ್ಲಾಸ್ಟಿಕ್ಕನ್ನು ಯುರೋಪಿನಲ್ಲಿ 2021ರಿಂದ ಮಾರುವಂತಿಲ್ಲ.) ಸೊಪ್ಪಿನ ಬೆಟ್ಟದಲ್ಲಿ ಬಿದ್ದ ಮರದ ದಿಮ್ಮಿಯನ್ನು ನೋಡಿ. ಅಣಬೆ, ಹುಳ, ಸೂಕ್ಷ್ಮಜೀವಿ ಎಲ್ಲ ಸೇರಿ ತಿನ್ನುತ್ತವೆ, ಹತ್ತು ವರ್ಷವೋ ಇಪ್ಪತ್ತೋ, ಕೇಳುವವರಿಲ್ಲ. ಅದು ಬಯೋಡಿಗ್ರೇಡಬಲ್. ಜೀವಿಗಳು ತಿನ್ನಬಲ್ಲವು ಅಂತ ಮಾತ್ರ ಹೇಳುವ ಶಬ್ದ ಅದು. ಎಲ್ಲಿ, ಎಷ್ಟು ದಿನದಲ್ಲಿ ಅಂತ ಹೇಳುವುದಿಲ್ಲ. ಇನ್ನು ಗೊಬ್ಬರಗುಂಡಿಗೆ ಹಾಕಿದ ದರಕು (ಒಣಗಿದ ಎಲೆ), ಸೊಪ್ಪು. ಮುಂದಿನ ವರ್ಷ ಗುಂಡಿ ತೆಗೆದಾಗ ಗೊಬ್ಬರವೇ ಆಗಿರಬೇಕು, ಮರದ ಬುಡಕ್ಕೆ ಹಾಕಿದರೆ ಮರ ಕೆಡಬಾರದು. ಅದು ಕಂಪೋಸ್ಟಬಲ್. ದಿಮ್ಮಿಯೂ ಕೊಳೆಯುತ್ತದೆ ಅಂತ ನೀವು ಅದನ್ನು ಗುಂಡಿಗೆ ಹಾಕುತ್ತೀರಾ? ಇಲ್ಲ ಅಲ್ವಾ.

ನಮ್ಮ ಆಯಿಗೆ ಗೊತ್ತಿರುವ ಈ ವಿಷಯವನ್ನೇ ಯುರೋಪಿನವರು ಇಎನ್ 13432 ಅಂತ ನಂಬರ್ ಕೊಟ್ಟು ಬರೆದಿಟ್ಟಿದ್ದಾರೆ. ಆರು ತಿಂಗಳೊಳಗೆ ಶೇ. 90ರಷ್ಟನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬೇಕು. 12 ವಾರ ಗೊಬ್ಬರದಲ್ಲಿಟ್ಟು 2 ಮಿಲಿಮೀಟರಿನ ಜರಡಿ ಹಿಡಿದರೆ ಮೇಲೆ ಉಳಿಯುವುದು ಶೇ. 10 ಮೀರಬಾರದು. ಆ ಗೊಬ್ಬರದಲ್ಲಿ ಗಿಡ ಬೆಳೆಸಿಯೂ ನೋಡುತ್ತಾರೆ. ಅದೂ ಕಾರ್ಖಾನೆಯ ಗೊಬ್ಬರದ ಬಿಸಿಯಲ್ಲಿ, ಸುಮಾರು 58 ಡಿಗ್ರಿ. ಮನೆ ಹಿತ್ತಲಿನ ಗುಂಡಿಯಲ್ಲಿ ಅಷ್ಟು ಕಾವು ಯಾವಾಗಲೂ ಇರುವುದಿಲ್ಲ, ಅದಕ್ಕೇ "ಹೋಮ್ ಕಂಪೋಸ್ಟಬಲ್" ಅಂತ ಬೇರೆಯೇ ಶಬ್ದ, ಬೇರೆಯೇ ಪರೀಕ್ಷೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ, ಬೇಜಾರು ಮಾಡ್ಕೋಬೇಡಿ. ಇದು ಎರಡು ಶಬ್ದದಲ್ಲಿ ಚಂದದ್ದು ಆರಿಸುವ ವಿಷಯ ಅಲ್ಲ. ಪರೀಕ್ಷೆ ಮಾಡಿಸಿದ ಕಾಗದ ಕೈಯಲ್ಲಿದ್ದರೆ ಅದರಲ್ಲಿ ಏನಿದೆಯೋ ಅದನ್ನೇ ಬರೆಯಿರಿ, "ಟೆಸ್ಟೆಡ್" ಅಂತಿದ್ದರೆ "ಸರ್ಟಿಫೈಡ್" ಅಂತ ಹಿಗ್ಗಿಸಬೇಡಿ. ಕಾಗದ ಇಲ್ಲವೇ? ಅಡಿಕೆ ಹಾಳೆಯಿಂದ ಮಾಡಿದ್ದು, ಬೇರೇನೂ ಸೇರಿಸಿಲ್ಲ ಅಂತ ಬರೆದು ಸುಮ್ನಿರಿ. ಅಲ್ಲೂ ಒಂದು ಮಾತಿದೆ. ಎಲ್ಲರೂ "ಲೀಫ್ ಪ್ಲೇಟ್" ಅನ್ನುತ್ತಾರೆ, ಆದರೆ ಹಾಳೆ ಎಲೆಯಲ್ಲ, ಎಲೆಯ ಬುಡದ ಕವಚ. ಇಂಗ್ಲಿಷಿನಲ್ಲಿ ಶೀತ್. ಎಲೆ ಅಂದರೆ ನಮ್ಮ ಸೋಗೆ, ಅದರಲ್ಲಿ ತಟ್ಟೆ ಒತ್ತಿ ನೋಡಿ ಬೇಕಾದರೆ!

ಅಮೆರಿಕಕ್ಕೆ ಕಳಿಸುವ ಯೋಚನೆ ಇದ್ದರೆ ಮಾತ್ರ ಶಬ್ದದ ಚಿಂತೆಯನ್ನು ಆಮೇಲೆ ಮಾಡಿ. ಅಡಿಕೆಯ ಆಲ್ಕಲಾಯ್ಡ್ ಎಂಬ ರಾಸಾಯನಿಕ ತಟ್ಟೆಯಿಂದ ಊಟಕ್ಕೆ ಸೇರಬಹುದು ಅಂತ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಹಾಳೆ ತಟ್ಟೆಯ ಬಳಕೆ ಬೇಡ ಎಂದಿದೆ. ನಿಮ್ಮ ಗಿರಾಕಿಯ ಹತ್ತಿರ ಮೊದಲು ಅದನ್ನು ಮಾತಾಡಿ.

ಮತ್ತೆ, ಪಟ್ಟಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಕಿತ್ತ ಪಟ್ಟಿಗಳಲ್ಲಿ ಒಂದಷ್ಟನ್ನು ಅಪ್ಪಯ್ಯ ಕಾಗದ ಅಂದುಕೊಂಡು ಒಡಕು ತಟ್ಟೆಗಳ ಜೊತೆ ಗೊಬ್ಬರಗುಂಡಿಗೆ ಹಾಕಿದ್ದರು. ಈ ವರ್ಷ ಗುಂಡಿ ತೆಗೆದಾಗ ತಟ್ಟೆಯ ಗುರುತೂ ಇರಲಿಲ್ಲ. ಪಟ್ಟಿಯ ಮೇಲಿನ ಪದರ ಮಾತ್ರ ಹಾಗೇ ಇತ್ತು, "ಬಯೋಡಿಗ್ರೇಡಬಲ್" ಅನ್ನುವುದು ಇನ್ನೂ ಓದಲು ಬರುತ್ತಿತ್ತು.