ಇಳಿಯುವ ಕ್ಷಣದಲ್ಲಿ ಬಯಲಾಗುವ ಲೋಪ

ಮಾನ್ಯರೇ,

ವಿಮಾನ ಹಾರಿಸಲು ಕಲಿಯುತ್ತಿರುವ ಮಗಳ ತಂದೆಯಾಗಿ ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ಇಳಿಯುವಾಗ ತರಬೇತಿ ವಿಮಾನದ ಮುಂಚಕ್ರ ಮುರಿದರೆ ಕಲಿಯುವವರನ್ನೇ ಏಕೆ ದೂರುತ್ತಾರೆ, ದುರಸ್ತಿಯ ಲೋಪವೂ ಕಾರಣವಾಗಿರಬಹುದಲ್ಲವೇ ಎಂದು ಕೇಳಿದ್ದೀರಿ.

ಖಂಡಿತ ಆಗಿರಬಹುದು. ಲಘು ವಿಮಾನಗಳು ಇಳಿಯುವಾಗಿನ ಅಪಘಾತಗಳಲ್ಲಿ ಹೆಚ್ಚಿನವು ಹಾರಿಸುವವರ ಕೈತಪ್ಪಿನಿಂದಲೇ ಆಗುತ್ತವೆ ಎಂಬುದು ನಿಜ. ಆದರೆ ಆ ಮಾತೇ ರೂಢಿಯಾಗಿಬಿಟ್ಟರೆ ಉಳಿದವುಗಳ ಕಾರಣವನ್ನು ಯಾರೂ ಹುಡುಕುವುದಿಲ್ಲ. ತರಬೇತಿಯಲ್ಲಿ ಬಹಳವಾಗಿ ಬಳಸುವ ಸೆಸ್ನಾ 172 ವಿಮಾನವನ್ನೇ ನೋಡಿ. ಅದರ ಮುಂಚಕ್ರ ಎಡಬಲಕ್ಕೆ ಅದುರದಂತೆ ತಡೆಯಲು ಶಿಮ್ಮಿ ಡ್ಯಾಂಪರ್ ಎಂಬ ಸಣ್ಣ ಸಿಲಿಂಡರ್ ಇದೆ. ಚಕ್ರದ ಕಾಲು ತಿರುಚಿಕೊಳ್ಳದಂತೆ ಹಿಡಿಯಲು ಕತ್ತರಿಯಾಕಾರದ ಟಾರ್ಕ್ ಲಿಂಕ್ ಇದೆ. ಡ್ಯಾಂಪರ್‌ನ ಎಣ್ಣೆ ಸೋರಿದ್ದರೆ ಅಥವಾ ಲಿಂಕಿನ ಕೀಲಿನೊಳಗಿನ ಬುಷ್ ಎಂಬ ಬಳೆ ಸವೆದಿದ್ದರೆ, ಎಷ್ಟೇ ಹದವಾಗಿ ಇಳಿಸಿದರೂ ಮುಂಚಕ್ರ ನೆಲ ಮುಟ್ಟಿದೊಡನೆ ಜೋರಾಗಿ ನಡುಗಬಹುದು, ಆ ನಡುಕವೇ ಪಕ್ಕದ ಭಾಗಗಳನ್ನೂ ಸಡಿಲಿಸಬಹುದು. ಆಕಾಶದಲ್ಲಿ ಚಕ್ರದ ಮೇಲೆ ಭಾರವಿಲ್ಲದ್ದರಿಂದ ವರ್ಕ್‌ಶಾಪಿನಲ್ಲಿ ಎಂದೋ ಉಳಿದುಹೋದ ಲೋಪ ಇಳಿಯುವಾಗಲೇ ಹೊರಬೀಳುತ್ತದೆ, ಆ ಹೊತ್ತಿನಲ್ಲಿ ಯೋಕ್ (ವಿಮಾನವನ್ನು ನಿಯಂತ್ರಿಸುವ ಹಿಡಿಕೆ) ಹಿಡಿದವರೇ ತಪ್ಪಿತಸ್ಥರಂತೆ ಕಾಣುತ್ತಾರೆ. ಇದು ಅನ್ಯಾಯವೆಂಬ ನಿಮ್ಮ ಭಾವನೆ ನನ್ನದೂ ಹೌದು.

ಲಘು ವಿಮಾನದ್ದಲ್ಲದಿದ್ದರೂ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. 2018ರ ನವೆಂಬರ್ 11ರಂದು ಪೋರ್ಚುಗಲ್‌ನ ಅಲ್ವೆರ್ಕಾದಲ್ಲಿ ದುರಸ್ತಿ ಮುಗಿಸಿ ಹೊರಟ ಕಝಾಕಿಸ್ತಾನದ ಏರ್ ಅಸ್ತಾನಾ ಸಂಸ್ಥೆಯ ಎಂಬ್ರೇರ್ 190 ವಿಮಾನದಲ್ಲಿ ಐಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಚಲಿಸುವ ಹಲಗೆ) ಕೇಬಲ್‌ಗಳು ಅದಲುಬದಲಾಗಿದ್ದವು. ವಿಮಾನ ಪೈಲಟ್‌ಗಳ ಹತೋಟಿಗೆ ಸಿಗದೆ ಹೊಯ್ದಾಡಿ, ಎರಡು ಸಲ ಇಳಿಯಲಾರದೆ, ಮೂರನೆಯ ಸಲ ಅದೇ ದೇಶದ ಬೇಜಾದಲ್ಲಿ ಇಳಿಯಿತು. ಒಳಗಿದ್ದ 6 ಮಂದಿಯೂ ಬದುಕಿದರು. ನಿಯಂತ್ರಣ ಕೇಬಲ್ ಮುಟ್ಟಿದ ಪ್ರತಿಯೊಂದು ಕೆಲಸವನ್ನೂ ಅದನ್ನು ಮಾಡದ ಇನ್ನೊಬ್ಬರು ಸ್ವತಂತ್ರವಾಗಿ ಪರೀಕ್ಷಿಸಬೇಕೆಂಬ ಪದ್ಧತಿ ಇರುವುದು ಇಂಥ ತಪ್ಪುಗಳನ್ನು ಹಿಡಿಯಲೆಂದೇ.

ಅಷ್ಟು ದೊಡ್ಡ ವಿಮಾನದಲ್ಲಿ ಕುಳಿತಲ್ಲಿಂದ ಐಲೆರಾನ್ ಕಾಣುವುದಿಲ್ಲ; ನಿಮ್ಮ ಮಗಳಿಗೆ ಕಾಣುತ್ತದೆ. ಹೊರಡುವ ಮುನ್ನ ಹೆಬ್ಬೆರಳನ್ನು ಮೇಲೆತ್ತಿ ಯೋಕ್ ಹಿಡಿದು ತಿರುಗಿಸಿದಾಗ, ಹೆಬ್ಬೆರಳು ವಾಲಿದ ಕಡೆಯ ಐಲೆರಾನ್ ಮೇಲೇಳಬೇಕು. ಅಲುಗಿತೆಂದಷ್ಟೇ ನೋಡಿದರೆ ಸಾಲದು. ಮುಂಚಕ್ರದ ಕಾಲಿನಲ್ಲಿ ಎಣ್ಣೆಯ ಜಿನುಗು ಕಂಡರೆ, ಹಿಂದಿನ ಹಾರಾಟದಲ್ಲಿ ನಡುಕ ಅನುಭವಕ್ಕೆ ಬಂದಿದ್ದರೆ, ಬಾಯಿಮಾತಿನಲ್ಲಿ ಬಿಡದೆ ಬರೆದು ಕೊಡಲಿ, ಎಂಜಿನಿಯರ್ ನೋಡಿ ಸಹಿ ಹಾಕುವವರೆಗೆ ಆ ವಿಮಾನ ತನಗೆ ಬೇಡವೆಂದು ಸಂಕೋಚವಿಲ್ಲದೆ ಹೇಳಲಿ.

— ಸಂಪಾದಕ